ರಚ್ಚೆ, ಹಟ, ಸ್ವಭಾವ: ಶಿಶುಮನಶ್ಶಾಸ್ತ್ರದ ಪರಿಭಾಷೆಯ ವಿಮರ್ಶೆ

ಎಡೆಬಿಡದೆ ಅಳುವ ಕೂಸಿಗೆ ಕನ್ನಡದ ತಾಯಿಯು ‘ರಚ್ಚೆ ಹಿಡಿದಿದೆ’ ಎನ್ನುವಳು. ಅದೇ ಮಗು ನಾಲ್ಕಾರು ವರ್ಷದ್ದಾದರೆ ‘ಹಟಮಾರಿ’ ಎನ್ನುವಳು. ರಚ್ಚೆಯು ಹಿಡಿದು ಬಿಟ್ಟುಹೋಗತಕ್ಕದ್ದು. ಹಟವಾದರೋ ಮಗುವಿನ ಹೆಸರೇ ಆಗಿಬಿಡುವುದು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯು ಈ ಎರಡನೆಯ ತೀರ್ಪಿಗೆ ಮುದ್ರೆಯೊತ್ತುವುದು. ಶಾಸ್ತ್ರವಾದರೂ ಈ ಎರಡು ಮಾತುಗಳ ನಡುವೆಯೇ ತೂಗಾಡಿದೆ.

ಪ್ರಕೃತಿಭೇದವನ್ನು ಆಯುರ್ವೇದವು ವಾತಪಿತ್ತಕಫಗಳಿಂದಲೂ ಗ್ರೀಕರ ವೈದ್ಯವು ನಾಲ್ಕು ದೇಹರಸಗಳಿಂದಲೂ ವಿವರಿಸಿದುವು. ನವೀನ ಮನಶ್ಶಾಸ್ತ್ರವು ಕನ್ನಡ ಮಕ್ಕಳಲ್ಲಿ ಮೊದಲು ಅಳೆಯಹೊರಟುದು ಬುದ್ಧಿಯನ್ನು. ಬಿನೇ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ವಿ. ವಿ. ಕಾಮತರ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ಸ್ವಭಾವದ ವಿಚಾರವು ತಾಯಂದಿರ ಮಾತಿಗೇ ಉಳಿಯಿತು.

ಮಗುವಿನ ಸಕಲ ದೋಷಗಳಿಗೂ ತಾಯಿಯ ಸಾಕಣೆಯನ್ನೇ ದೂರುತ್ತಿದ್ದ ಕಾಲದಲ್ಲಿ, ೧೯೫೬ರಲ್ಲಿ, ನ್ಯೂಯಾರ್ಕಿನ ಅಲೆಗ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿಗಳು ಶಿಶುಗಳನ್ನು ವರ್ಷಾನುವರ್ಷ ಪರಿಶೀಲಿಸತೊಡಗಿದರು. ೧೩೩ ಮಕ್ಕಳಲ್ಲಿ ಒಂಬತ್ತು ಲಕ್ಷಣಗಳನ್ನು ಗುರುತಿಸಿ, ನೂರಕ್ಕೆ ಸುಮಾರು ೪೦ ಸುಲಭರೆಂದೂ ೧೦ ಕಠಿಣರೆಂದೂ ೧೫ ಮೆಲ್ಲಗೆ ಒಗ್ಗಿಕೊಳ್ಳುವವರೆಂದೂ ಹೇಳಿದರು. ಅಧ್ಯಾಪಕರು ಈ ಮೂರು ವರ್ಗಗಳನ್ನು ಬಾಯಿಪಾಠ ಮಾಡಿಸುವರು. ಯಾವ ವರ್ಗಕ್ಕೂ ಸೇರದೆ ಉಳಿದ ೩೫ ಮಂದಿಯನ್ನು ಮರೆಯುವರು. ‘ಕಠಿಣ’ವೆಂಬುದು ಯಾರಿಗೆ ಕಠಿಣ? ಆ ಪದವು ಮಗುವಿಗಿಂತ ಸಾಕುವವರ ಶ್ರಮವನ್ನೇ ಹೆಚ್ಚಾಗಿ ಬಣ್ಣಿಸುವುದು. ಆ ಪಂಡಿತರ ಹಿರಿಯ ಕಾಣಿಕೆಯು ವರ್ಗೀಕರಣವಲ್ಲ. ಮಗುವಿನ ಸ್ವಭಾವಕ್ಕೂ ಪರಿಸರದ ಬೇಡಿಕೆಗೂ ಇರುವ ಹೊಂದಿಕೆಯ ತತ್ತ್ವ.

ಪೋರ್ಟೊರಿಕೊ ಮೂಲದ ದುಡಿಮೆಗಾರರ ಮನೆಗಳಲ್ಲಿ ಇದು ಸ್ಪಷ್ಟವಾಯಿತು. ಇಂತಿಷ್ಟು ಹೊತ್ತಿಗೆ ಮಲಗಲೇಬೇಕೆಂಬ ಕಟ್ಟು ಅಲ್ಲಿರಲಿಲ್ಲವಾಗಿ, ನಿದ್ರೆಯ ಅನಿಯಮವು ದೋಷವೆನಿಸಲಿಲ್ಲ; ಶಾಲೆಗೆ ಸೇರಿದಾಗಲೇ ತೊಡಕು ತೋರಿತು.

ಈ ತತ್ತ್ವವನ್ನು ಕನ್ನಡನಾಡಿನಲ್ಲಿ ಒರೆಹಚ್ಚಲು ಕೋಲಾರದ ಸೀಮೆಯು ತಕ್ಕ ನೆಲ. ಪಾಲಾರಿನ ದಡದ ಬೇತಮಂಗಲದಿಂದ ಚಿನ್ನದ ಗಣಿಗಳಿಗೆ ನೀರು ಹೋಗುತ್ತಿದ್ದಿತು. ೨೦೦೧ರಲ್ಲಿ ಮುಚ್ಚುವವರೆಗೂ ಗಣಿಯ ಪಾಳಿಗಳು ಗಡಿಯಾರಕ್ಕೆ ಕಟ್ಟುಬಿದ್ದಿದ್ದುವು, ಕೆರೆಯ ಕೆಳಗಿನ ಬೇಸಾಯವಾದರೋ ಮಳೆಬೆಳೆಗಳಿಗೆ. ರಾತ್ರಿಪಾಳಿ ಮುಗಿಸಿದ ತಂದೆ ಹಗಲು ಮಲಗುವ ಸಾಲುಮನೆಯಲ್ಲಿ ಗಟ್ಟಿಯಾಗಿ ಅಳುವ ಕೂಸು ‘ಕಠಿಣ’. ಕೆರೆಯ ಬಯಲಿನಲ್ಲಿ ಅದೇ ಕೂಸಿಗೆ ಬರೀ ರಚ್ಚೆ. ಚಂಡೀಗಡದಲ್ಲಿ ಸವಿತಾ ಮಲ್ಹೋತ್ರಾ, ಅನಿಲ್ ಮಲ್ಹೋತ್ರಾ ಅವರು ಆ ಒಂಬತ್ತು ಲಕ್ಷಣಗಳನ್ನೇ ಆಧರಿಸಿ ಭಾರತೀಯ ಮಕ್ಕಳಿಗೆ ಪ್ರಶ್ನಾವಳಿಯನ್ನು ರಚಿಸಿದರು. ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕಲೆಯುವ ಈ ಸೀಮೆಯಲ್ಲಿ ಅಂತಹ ಪ್ರಶ್ನೆಗಳನ್ನು ಕೇಳುವವನು ‘ಹಟ’ವೆನ್ನುವನೋ ‘ರಚ್ಚೆ’ಯೆನ್ನುವನೋ ಎಂಬುದರ ಮೇಲೆ ತಾಯಿಯ ಉತ್ತರವೂ ಬೇರೆಯಾಗುವುದು.