ಶಬ್ದದ ಗ್ರಹಣ ಮತ್ತು ಧಾರಣ: ವೃದ್ಧವ್ಯವಹಾರವಾದದ ಒಂದು ವಿಮರ್ಶೆ

ಶಿಶುವು ಶಬ್ದಾರ್ಥವನ್ನು ಹೇಗೆ ಅರಿಯುತ್ತದೆಂಬುದು ನಮ್ಮ ದೇಶಕ್ಕೆ ಹೊಸ ಪ್ರಶ್ನೆಯಲ್ಲ. ಮೀಮಾಂಸಕರು, ಅವರಲ್ಲಿಯೂ ವಿಶೇಷವಾಗಿ ಪ್ರಾಭಾಕರರು, ಇದಕ್ಕೆ ಕೊಟ್ಟ ಉತ್ತರವು ವೃದ್ಧವ್ಯವಹಾರವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಹಿರಿಯನೊಬ್ಬನು ಕಿರಿಯನಿಗೆ 'ಹಸುವನ್ನು ತಾ' ಎನ್ನುತ್ತಾನೆ, ಆತನು ತರುತ್ತಾನೆ. ಬಳಿಯಲ್ಲಿರುವ ಮಗು ಇದನ್ನು ನೋಡುತ್ತದೆ. ಆಮೇಲೆ 'ಹಸುವನ್ನು ಕಟ್ಟು', 'ಕುದುರೆಯನ್ನು ತಾ' ಎಂಬ ಮಾತುಗಳು ಬರುತ್ತವೆ. ವಾಕ್ಯದಲ್ಲಿ ಒಂದು ಪದ ಸೇರಿ ಇನ್ನೊಂದು ಬಿಡುವ ಈ ಆವಾಪ-ಉದ್ವಾಪಗಳಿಂದ ಮಗು ಒಂದೊಂದು ಪದದ ಅರ್ಥವನ್ನೂ ಬಿಡಿಸಿಕೊಳ್ಳುತ್ತದೆ. ಈ ವಾದವು ಎಷ್ಟರಮಟ್ಟಿಗೆ ಸಮರ್ಪಕವೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯಂತಹ ಬಹುಭಾಷೆಯ ಪರಿಸರವನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸುತ್ತೇವೆ.

ಮೊದಲು ವಾದದ ಗುಣವನ್ನು ಒಪ್ಪಿಕೊಳ್ಳಬೇಕು. 1978ರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್ಲೆಟ್ ಎಂಬ ಅಮೆರಿಕದ ವಿದುಷಿಯರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಆಶ್ಚರ್ಯಕರವಾಗಿ ಸಮೀಪದಲ್ಲಿದೆ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಆಲಿವ್ ಹಸಿರಿನದೊಂದು, ನೀಲಿಯದೊಂದು ಹೀಗೆ ಎರಡು ತಟ್ಟೆಗಳನ್ನು ತೋರಿಸಿ, 'ನೀಲಿಯದಲ್ಲ, ಕ್ರೋಮಿಯಂ ತಟ್ಟೆಯನ್ನು ತಾ' ಎಂದು ಹೇಳಲಾಯಿತು. ಮಕ್ಕಳು ಕೇಳರಿಯದ ಪದವದು. ಆದರೂ ಅವರು ಸರಿಯಾದ ತಟ್ಟೆಯನ್ನೇ ತಂದರು. ವಾರ ಕಳೆದ ಮೇಲೆಯೂ ಹಲವರಲ್ಲಿ ಆ ಪದದ ಏನಾದರೊಂದು ಕುರುಹು ಉಳಿದಿತ್ತು. ಅಲ್ಲಿಯೂ 'ತಾ' ಎಂಬ ವಿಧಿಯೇ, ಇಲ್ಲಿಯೂ 'ತಾ' ಎಂಬ ವಿಧಿಯೇ. ಕಾರ್ಯದ ನಡುವೆ ಬಂದ ಪದವನ್ನೇ ಮಗು ಹಿಡಿಯುತ್ತದೆಂಬ ಮೀಮಾಂಸಕರ ಒಳನೋಟ ನಿಜಕ್ಕೂ ಮೌಲಿಕವಾದುದು.

ಆದರೆ ಹಿಡಿಯುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. 2008ರಲ್ಲಿ ಹಾರ್ಸ್ಟ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬವರು ಎರಡು ವರ್ಷದ ಶಿಶುಗಳಲ್ಲಿ ಇದನ್ನು ತೋರಿಸಿಕೊಟ್ಟರು. ಹೊಸ ಹೆಸರಿಗೆ ಹೊಸ ವಸ್ತುವನ್ನು ಆ ಶಿಶುಗಳು ಸರಿಯಾಗಿ ಆರಿಸಿದವು. ಐದೇ ನಿಮಿಷಗಳ ಅನಂತರ ಅದನ್ನು ಮರೆತಿದ್ದವು. ಆರಿಸಿದ ಮೇಲೆ ವಸ್ತುವನ್ನು ಎತ್ತಿ ತೋರಿಸಿ ಹೆಸರನ್ನು ಮತ್ತೆ ಹೇಳಿದಾಗ ಮಾತ್ರ ನೆನಪು ನಿಂತಿತು. ವೃದ್ಧವ್ಯವಹಾರವಾದವು ಗ್ರಹಣವನ್ನು ಚೆನ್ನಾಗಿ ವಿವರಿಸುತ್ತದೆ. ಧಾರಣದ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಇದು ಅದರ ಮೊದಲನೆಯ ಕೊರತೆ.

ಎರಡನೆಯ ಕೊರತೆ ಸಾಂಬ್ರಾಣಿಯ ಕಡೆಯಲ್ಲಿ ಸ್ಪಷ್ಟವಾಗುತ್ತದೆ. ಶಾಸ್ತ್ರದ ವೃದ್ಧರಿಬ್ಬರೂ ಒಂದೇ ಭಾಷೆಯನ್ನಾಡುವವರು. ಈ ತಾಲ್ಲೂಕಿನಲ್ಲಾದರೋ ಕನ್ನಡ, ಮರಾಠಿ, ಕೊಂಕಣಿ, ಉರ್ದುಗಳು ನೆರೆಹೊರೆಯಲ್ಲಿವೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಯರಲ್ಲಿ ಅನೇಕರ ಮನೆಮಾತು ಕೊಂಕಣಿಯ ಒಂದು ರೂಪ. ಶಾಸ್ತ್ರದ ಹಸುವನ್ನೇ ಈ ಊರಿಗೆ ತರೋಣ. ಪಠ್ಯಪುಸ್ತಕದಲ್ಲಿ ಅದು 'ಹಸು'. ಈ ಸೀಮೆಯ ಕನ್ನಡದಲ್ಲಿ 'ಆಕಳು'. ಮರಾಠಿ, ಕೊಂಕಣಿ, ಉರ್ದುಗಳಲ್ಲಿ 'ಗಾಯ್'. ಕನ್ನಡದ ಕಿವಿಗೆ 'ಗಾಯ'ವೆಂದರೆ ಪೆಟ್ಟಿನಿಂದಾದ ಹುಣ್ಣು. ಸಾಂಬ್ರಾಣಿಯೆಂಬ ಹೆಸರು ಕೂಡ ಈ ಮಗುವಿಗೆ ಊರು. ಬೇರೆಡೆಯ ಮಗುವಿಗೆ ಕೆಂಡದ ಮೇಲೆ ಹಾಕುವ ಧೂಪ.

ಒಂದು ವಸ್ತುವಿಗೆ ಒಂದೇ ಹೆಸರೆಂದು ಎಳೆಯ ಮಕ್ಕಳು ಎಣಿಸುವರೆಂದು ಮಾರ್ಕ್‌ಮನ್ ಮತ್ತು ವಾಕ್ಟೆಲ್ 1988ರಲ್ಲಿ ಪ್ರತಿಪಾದಿಸಿದರು. ಇದು ಎಲ್ಲೆಡೆಯ ಮಕ್ಕಳಿಗೂ ಸಲ್ಲುವ ನಿಯಮವಲ್ಲ. ಹಲವು ಭಾಷೆಗಳನ್ನು ಕೇಳಿ ಬೆಳೆಯುವ ಶಿಶುಗಳು ಈ ಎಣಿಕೆಗೆ ಅಷ್ಟಾಗಿ ಕಟ್ಟುಬೀಳುವುದಿಲ್ಲವೆಂದು 2009ರಲ್ಲಿ ಬಯರ್ಸ್-ಹೈನ್‌ಲೈನ್ ಮತ್ತು ವರ್ಕರ್ ತೋರಿಸಿದ್ದಾರೆ. ಆದುದರಿಂದ ಮನೆಯ 'ಗಾಯ್' ಶಾಲೆಯ 'ಹಸು'ವಿಗೆ ಶತ್ರುವಲ್ಲ. ಅದನ್ನು ಅಳಿಸಿದ ಹೊರತು ಇದು ನಿಲ್ಲದೆಂಬ ನಂಬಿಕೆಗೆ ಆಧಾರವಿಲ್ಲ.

ಈ ದೃಷ್ಟಿಯಿಂದ ನಮ್ಮ ಅಕ್ಷರಪಟಗಳನ್ನು ನೋಡಬೇಕು. 'ಋ' ಎಂಬಲ್ಲಿ ಗಡ್ಡಧಾರಿಯಾದ ಋಷಿಯೊಬ್ಬನು ಕುಳಿತಿರುತ್ತಾನೆ. ಪದದ ಅರ್ಥ ಗಡ್ಡವೋ, ಕುಳಿತಿರುವುದೋ, ಮುದುಕನೋ ಎಂಬುದನ್ನು ಚಿತ್ರವೊಂದೇ ನಿರ್ಣಯಿಸಲಾರದು. ಪಟವು ನಿರರ್ಥಕವೆಂದು ನಮ್ಮ ಅಭಿಪ್ರಾಯವಲ್ಲ. ಬೆರಳಿಟ್ಟು ತೋರಿಸುವುದಕ್ಕೆ ಸ್ಥಾನವಿದೆ; ಅದು ಕಾರ್ಯದ ಅನಂತರ ಬರಬೇಕು. ಮೊದಲು ಮಗು ತರಲಿ, ಕಟ್ಟಲಿ, ಹುಡುಕಲಿ. ಆಮೇಲೆ ಹೆಸರು ದೃಢವಾಗಲಿ. ಬೇರೆ ದಿನ, ಬೇರೆ ವಾಕ್ಯದಲ್ಲಿ ಅದೇ ಪದ ಮರಳಿ ಬರಲಿ. ಆವಾಪ-ಉದ್ವಾಪಗಳನ್ನು ಅರ್ಥನಿರ್ಣಯದ ಉಪಾಯವೆಂದಷ್ಟೇ ಎಣಿಸದೆ ಸ್ಮರಣೆಯ ಉಪಾಯವೆಂದೂ ವಿಸ್ತರಿಸಿದಲ್ಲಿ ಹಳೆಯ ವಾದವು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ.

ಈ ಚರ್ಚೆ ಕೇವಲ ಪಾಂಡಿತ್ಯದ್ದಲ್ಲ. ಸೋಮವಾರ ಒಮ್ಮೆ ಕೇಳಿದ 'ಹಸು'ವನ್ನು ಶನಿವಾರ ಹೇಳಲಾರದ ಮಗುವನ್ನು ಮಂದಬುದ್ಧಿಯೆಂದು ಕರೆಯುವುದು ಸುಲಭ. ಮನೆಯಲ್ಲಿ ಗಾಯ್‌ಗೆ ಹುಲ್ಲು ಹಾಕಿ, ನೀರು ಕುಡಿಸಿ ಬಂದ ಮಗು ಅದು. ಹಸುವನ್ನು ಅದು ಬಲ್ಲದು. ನಾವು ಕೊಟ್ಟ ಹೆಸರು ಮಾತ್ರ ಅದರ ಬಳಿಗೆ ಎರಡನೆಯ ಸಲ ಹೋಗಿಲ್ಲ.