ಸೀಸದ ಕಡ್ಡಿಯಲ್ಲಿ ಮೂಡಿದ ಸಂಖ್ಯೆ

ಜಾವಾ ಗಾಡಿಯ ಸೊಬಗನ್ನು ಬಲ್ಲವರು ಅದರ ಟ್ಯಾಂಕಿನ ಹೊಳಪನ್ನೂ, ಕಿಕ್ಕಾಗಿಯೂ ಗೇರಾಗಿಯೂ ದುಡಿಯುವ ಒಂದೇ ದಂಡವನ್ನೂ, ಜೋಡಿ ಸೈಲೆನ್ಸರುಗಳ ನಾದವನ್ನೂ ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲರು. ಆದರೆ ಕಾಗದಪತ್ರಗಳೂ ಆ ಯಂತ್ರದ ಅಂಗವೇ ಎಂಬುದನ್ನು ನಾನು ಅರಿತುದು, ಸಾವಳಗಿಯ ಮನೆಯೊಂದರ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲಗಳ ಹಿಂದೆ ಒರಗಿದ್ದ 1968ರ ಗಾಡಿಯೊಂದನ್ನು ಕೊಂಡ ಬಳಿಕ.

ಯಜಮಾನರು ತೀರಿಕೊಂಡಿದ್ದರು. ಅವರ ಪತ್ನಿ ಟ್ರಂಕಿನಿಂದ ತೆಗೆದುಕೊಟ್ಟ ಆರ್.ಸಿ. ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು. ನೋಂದಣಿಯಾದರೋ ನಮ್ಮ ತಾಲೂಕು ಇನ್ನೂ ವಿಜಾಪುರ ಜಿಲ್ಲೆಗೆ ಸೇರಿದ್ದ ಕಾಲದ್ದು. ಮೊದಲು ನಮೂನೆ 31ರಲ್ಲಿ ಗಾಡಿ ಆ ತಾಯಿಯ ಹೆಸರಿಗೆ ಬರಬೇಕು, ಅದಕ್ಕೆ ಮಕ್ಕಳೆಲ್ಲರ ಒಪ್ಪಿಗೆ ಬೇಕು. ತರುವಾಯ ನಮೂನೆ 29 ಮತ್ತು 30ರ ಮೂಲಕ ನನ್ನ ಹೆಸರಿಗೆ. ಮೊದಲ ಹದಿನೈದು ವರ್ಷಗಳ ಅವಧಿ ಎಂದೋ ಮುಗಿದಿದ್ದುದರಿಂದ ನಮೂನೆ 25ರಲ್ಲಿ ನವೀಕರಣ ಬೇರೆ. ಇವೆಲ್ಲ ನ್ಯಾಯವಾದವೇ. ತೊಡಕು ಬಂದುದು ಅನ್ಯತ್ರ.

“ಸರ, ನಂಬರ ಕೂಡವಲ್ದು ನೋಡ್ರಿ” ಎಂದರು ಸಾರಿಗೆ ಕಚೇರಿಯ ಗುಮಾಸ್ತರು. ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿದವರು ಯಾರೋ, ಚಾಸಿ ಸಂಖ್ಯೆಯ ಒಂದನ್ನು ಏಳಾಗಿ ಓದಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿಹೋದುದರಿಂದ, ತಯಾರಕರಿಂದ ಪತ್ರ ತರುವ ದಾರಿಯೂ ಇರಲಿಲ್ಲ. ಕಬ್ಬಿಣದ ಮೈಮೇಲೆ ಒತ್ತಿದ ಅಂಕೆಗಳೇ ಉಳಿದ ಏಕೈಕ ಸಾಕ್ಷಿ.

ಇಂತಹ ಗಾಡಿ ಕೊಳ್ಳುವವರು ಆ ಅಂಕೆಗಳ ಮೇಲೆ ಎಂದಿಗೂ ಉಪ್ಪುಕಾಗದ ತಿಕ್ಕಬಾರದು. ಅಂಕೆಯ ಅಂಚು ಸವೆದರೆ ತಿದ್ದಿದ ಶಂಕೆ ಹುಟ್ಟುತ್ತದೆ. ಸೀಮೆಎಣ್ಣೆಯ ಬಟ್ಟೆಯನ್ನು ಆ ಜಾಗದ ಮೇಲೆ ಒಂದು ರಾತ್ರಿ ಇಟ್ಟು, ಮರುದಿನ ಮೆತ್ತಗಾದ ಜಿಡ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ತೆಳು ಹಾಳೆಯನ್ನಿರಿಸಿ ಮೃದುವಾದ ಪೆನ್ಸಿಲನ್ನು ಓರೆಯಾಗಿ ಹಗುರವಾಗಿ ಉಜ್ಜಿದೆ. ಕಪ್ಪು ಛಾಯೆಯ ನಡುವೆ ಬೆಳ್ಳಗೆ, ಒಂದೊಂದಾಗಿ, ಅಂಕೆಗಳು ಎದ್ದುಬಂದವು. ಒಂದು ಒಂದೇ ಆಗಿತ್ತು.

ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿಯುಂಟು, ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲೂ ಅವಕಾಶವುಂಟು. ಹತ್ತು ವರ್ಷದ ಆ ಮನ್ನಣೆ ಗೌರವದ್ದೇ. ಆದರೆ ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗಲ್ಲದೆ ನಿತ್ಯ ಸಂಚಾರಕ್ಕೆ ಅಂತಹ ಗಾಡಿಯನ್ನು ಹೊರತೆಗೆಯುವಂತಿಲ್ಲ. ಕಬ್ಬಿನ ಹೊಲಗಳ ನಡುವೆ ಓಡಿ ಬದುಕಿದ ಗಾಡಿಯನ್ನು ನಾನು ಕಟ್ಟಿಹಾಕಲಾರೆನಾದ್ದರಿಂದ, ಐದೈದು ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಲ್ಲುವ ಸಾಮಾನ್ಯ ನವೀಕರಣವನ್ನೇ ಆರಿಸಿಕೊಂಡೆ.

ಪರಿಶೀಲನೆಯ ದಿನ ಅಧಿಕಾರಿ ಬಾಗಿ, ಬೆರಳಿಟ್ಟು, ಅಂಕೆಗಳನ್ನು ಗಟ್ಟಿಯಾಗಿ ಓದಿದರು. ಗುಮಾಸ್ತರು ನನ್ನ ಹಾಳೆಯೊಡನೆ ತಾಳೆ ನೋಡಿದರು. ತಿದ್ದುಪಡಿಯಾಯಿತು.

ಹೊಸ ಪತ್ರವನ್ನು ಒಯ್ದು ಆ ತಾಯಿಗೆ ತೋರಿಸಿದೆ. ಅದರಲ್ಲಿನ ನನ್ನ ಹೆಸರನ್ನು ಅವರು ವಿಚಾರಿಸಲಿಲ್ಲ.

“ಗಾಡಿ ನಂಬರ ಅದ ಐತಲ್ರಿ?”

“ಅದ ಐತ್ರಿ, ಅವ್ವಾರ” ಎಂದೆ.