ತೋಳಿಗೆ ತಕ್ಕ ಮುಳ್ಳು

ಡೆನಾನ್ ಡಿಎಲ್-103 ಎಂಬ ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ನ ವಿವರಪಟ್ಟಿಯಲ್ಲಿ ಕಂಪ್ಲಯನ್ಸ್ ಎಂಬುದರ ಎದುರು 5 ಎಂಬ ಅಂಕಿ ಇದೆ. ಮುಳ್ಳಿನ ಕಡ್ಡಿಯನ್ನು ಹಿಡಿದಿರುವ ರಬ್ಬರ್ ಎಷ್ಟು ಸಲೀಸಾಗಿ ಬಾಗುತ್ತದೆ ಎಂಬುದರ ಅಳತೆ ಅದು. ಅಗ್ಗದ ಟರ್ನ್‌ಟೇಬಲ್‌ಗೆ ಮೂವಿಂಗ್ ಕಾಯಿಲ್ ಕಾರ್ಟ್ರಿಜ್ ಹಾಕಿ ನಿರಾಶರಾದವರಲ್ಲಿ ಎಷ್ಟೋ ಮಂದಿ ಈ ಅಂಕಿಯನ್ನು ಓದಿರುವುದಿಲ್ಲ, ಓದಿದ್ದರೂ ತಪ್ಪಾಗಿ ಓದಿರುತ್ತಾರೆ. ಕಾರ್ಟ್ರಿಜ್‌ಗೆ ಕೊಟ್ಟ ಹಣ ಟರ್ನ್‌ಟೇಬಲ್‌ನ ಬೆಲೆಯ ಇಂತಿಷ್ಟು ಪಾಲನ್ನು ಮೀರಬಾರದು ಎಂಬ ಸೂತ್ರವನ್ನು ಮಾತ್ರ ಎಲ್ಲರೂ ಬಲ್ಲರು. ಆ ಸೂತ್ರದಿಂದ ಕಿವಿಗೆ ಏನೂ ಸಿಗುವುದಿಲ್ಲ. ಅಗ್ಗದ ಟರ್ನ್‌ಟೇಬಲ್ ಮೇಲೆ ಮೂವಿಂಗ್ ಕಾಯಿಲ್ ಚೆನ್ನಾಗಿ ಹಾಡಬಲ್ಲದು. ಹಾಡುತ್ತದೋ ಇಲ್ಲವೋ ಎಂಬುದನ್ನು ಆರ್ಮ್‌ನ ತೂಕ, ರಬ್ಬರಿನ ಬಿಗಿ, ಕಾರ್ಟ್ರಿಜ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಸ್ಟೇಜ್‌ನ ಶಕ್ತಿ ಈ ಮೂರು ಸೇರಿ ತೀರ್ಮಾನಿಸುತ್ತವೆ. ಬೆಲೆಚೀಟಿಗೆ ಅದರಲ್ಲಿ ಪಾಲಿಲ್ಲ.

ಮೂವಿಂಗ್ ಕಾಯಿಲ್‌ಗೆ ಜನ ಮರುಳಾಗುವುದಕ್ಕೆ ಸಕಾರಣವಿದೆ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಜೊತೆ ಅಯಸ್ಕಾಂತ ಅಲುಗುತ್ತದೆ, ತಂತಿಯ ಸುರುಳಿ ಸ್ಥಿರವಾಗಿರುತ್ತದೆ. ಮೂವಿಂಗ್ ಕಾಯಿಲ್‌ನಲ್ಲಿ ಅಯಸ್ಕಾಂತ ಸ್ಥಿರ, ಅಲುಗುವುದು ಕೆಲವೇ ಸುತ್ತಿನ ತೆಳು ಸುರುಳಿ. ಸುತ್ತು ಕಡಿಮೆಯಾದ್ದರಿಂದ ಇಂಡಕ್ಟನ್ಸ್ ಕಡಿಮೆ, ಕೇಬಲ್‌ನ ಕೆಪಾಸಿಟನ್ಸ್‌ನಿಂದ ಮೇಲಿನ ಸ್ವರಗಳು ಕೆಡುವುದಿಲ್ಲ. ಅದೇ ಕಾರಣಕ್ಕೆ ಹೊರಬರುವ ವಿದ್ಯುತ್ತೂ ಅತ್ಯಲ್ಪ. ಮ್ಯಾಗ್ನೆಟ್ ಬಗೆಯದು ಸುಮಾರು 5 ಮಿಲಿವೋಲ್ಟ್ ಕೊಡುವಲ್ಲಿ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್. ಇದರ ಪರಿಣಾಮಕ್ಕೆ ಮುಂದೆ ಬರುತ್ತೇನೆ.

ಡಿಎಲ್-103 ಮನೆಯವರಿಗಾಗಿ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸ್ಟೀರಿಯೊ ಪ್ರಸಾರದ ಅಗತ್ಯಕ್ಕಾಗಿ ರೂಪುಗೊಂಡ ಸ್ಟುಡಿಯೊ ಉಪಕರಣ ಅದು. ದಿನವಿಡೀ ದುಡಿಯಬೇಕು, ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ವ್ಯತ್ಯಾಸ ತಿಳಿಯಬಾರದು, ರೆಕಾರ್ಡಿನ ಮೇಲಿಟ್ಟ ಮುಳ್ಳನ್ನು ಹಿಂದೆ ತಿರುಗಿಸಿದರೂ ಕೆಡಬಾರದು. ಅದಕ್ಕಾಗಿ ಬಿಗಿಯಾದ ರಬ್ಬರ್, ಗುಂಡನೆಯ ಶಂಕುವಿನಾಕಾರದ ಮುಳ್ಳು, 2.5 ಗ್ರಾಂ ಒತ್ತಡ. ಪ್ರಸಾರ ಕೇಂದ್ರಗಳ ಆರ್ಮ್‌ಗಳು ಉದ್ದವಾಗಿಯೂ ಭಾರವಾಗಿಯೂ ಇದ್ದವು. ಅಲ್ಲಿ ಈ ಬಿಗಿ ಗುಣವೇ ಆಗಿತ್ತು. ಅದೇ ಕಾರ್ಟ್ರಿಜ್ ಇಂದಿಗೂ ಹೆಚ್ಚು ಬದಲಾಗದೆ, ಮೂವಿಂಗ್ ಕಾಯಿಲ್‌ಗಳ ನಡುವೆ ಸಾಧಾರಣ ಎನ್ನಬಹುದಾದ ಬೆಲೆಗೆ ಸಿಗುತ್ತಿದೆ. ಬದಲಾಗಿರುವುದು ಅದು ಕೂರಬೇಕಾದ ತೋಳು.

ಮುಳ್ಳಿನ ರಬ್ಬರನ್ನು ಒಂದು ಸ್ಪ್ರಿಂಗ್ ಎಂದುಕೊಂಡರೆ ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ಅದಕ್ಕೆ ತೂಗುಬಿಟ್ಟ ಭಾರ. ಸ್ಪ್ರಿಂಗ್ ಮತ್ತು ಭಾರದ ಜೋಡಿಗೆ ತನ್ನದೇ ಒಂದು ಅನುರಣನದ ಕಂಪನಾಂಕ ಇರುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ಬಿದ್ದರೆ ಒಳ್ಳೆಯದು. ಅದಕ್ಕಿಂತ ಕೆಳಗಿಳಿದರೆ ಸೊಟ್ಟಗಾದ ರೆಕಾರ್ಡಿನ ಏರಿಳಿತ ಆರ್ಮನ್ನು ಕುಣಿಸುತ್ತದೆ, ಸ್ಪೀಕರ್‌ನ ಕೋನ್ ಸದ್ದಿಲ್ಲದೆ ಮುಂದೆ ಹಿಂದೆ ಬಡಿಯುತ್ತದೆ. ತೀರಾ ಮೇಲೇರಿದರೆ ಅನುರಣನ ಸಂಗೀತದ ಕೆಳಸ್ವರಗಳಿಗೇ ತಗಲುತ್ತದೆ, ಬೇಸ್ ಉಬ್ಬಿ ಅಸ್ಪಷ್ಟವಾಗುತ್ತದೆ. ಲೆಕ್ಕ ಕಷ್ಟದ್ದಲ್ಲ. ಆರ್ಮ್‌ನ ಎಫೆಕ್ಟಿವ್ ಮಾಸ್, ಅಂದರೆ ಮುಳ್ಳಿನ ತುದಿಯಲ್ಲಿ ಅನುಭವಕ್ಕೆ ಬರುವ ಜಡತ್ವ, ಅದಕ್ಕೆ ಕಾರ್ಟ್ರಿಜ್ ಮತ್ತು ಸ್ಕ್ರೂಗಳ ತೂಕ ಸೇರಿಸಬೇಕು. ಮೊತ್ತವನ್ನು ಗ್ರಾಂ ಲೆಕ್ಕದಲ್ಲಿ ಕಂಪ್ಲಯನ್ಸ್‌ನಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ.

ಈ ಲೆಕ್ಕವನ್ನು ರೀಗಾ ಆರ್ಮ್ ಮೇಲೆ ಮಾಡಿ ನೋಡೋಣ. ರಾಯ್ ಗ್ಯಾಂಡಿ ಮತ್ತು ಟೋನಿ ರೆಲ್ಫ್ 1973ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಈ ಕಂಪನಿ 1983ರಲ್ಲಿ ಆರ್‌ಬಿ300 ಎಂಬ ಆರ್ಮ್ ತಂದಿತು. ತಲೆಯಿಂದ ಬೇರಿಂಗ್‌ವರೆಗೆ ಒಂದೇ ಅಲ್ಯುಮಿನಿಯಂ ಎರಕ. ನಡುವೆ ಬೆಸುಗೆ ಇಲ್ಲ, ಕಳಚುವ ಹೆಡ್‌ಶೆಲ್ ಇಲ್ಲ. ಅದರ ಅಗ್ಗದ ತಮ್ಮ ಆರ್‌ಬಿ250. ಆ ಬೆಲೆಗೆ ಅಷ್ಟು ಬಿಗಿಯಾದ ತೋಳು ಅಲ್ಲಿಯವರೆಗೆ ಸಿಕ್ಕಿರಲಿಲ್ಲ, ಮತ್ತು ಕಡಿಮೆ ಬಜೆಟ್ಟಿನವರು ಮೂವಿಂಗ್ ಕಾಯಿಲ್ ಬಗ್ಗೆ ಧೈರ್ಯವಾಗಿ ಯೋಚಿಸಲು ಅವಕಾಶವಾದದ್ದು ಇಂಥ ಆರ್ಮ್‌ಗಳಿಂದ ಎಂಬುದು ನನ್ನ ದೃಢ ಅಭಿಪ್ರಾಯ. ಎಫೆಕ್ಟಿವ್ ಮಾಸ್ ಸುಮಾರು 11 ಗ್ರಾಂ. ಡಿಎಲ್-103 ತೂಕ 8.5 ಗ್ರಾಂ, ಸ್ಕ್ರೂ ನಟ್ಟು ಸೇರಿ ಒಂದು ಗ್ರಾಂ ಎಂದರೆ ಒಟ್ಟು 20.5.

ಕಾಗದದ ಮೇಲಿನ 5ನ್ನು ಹಾಗೇ ಹಾಕಿದರೆ ಉತ್ತರ 15.7 ಹರ್ಟ್ಸ್. ಇದನ್ನು ನೋಡಿ ರೀಗಾ ಆರ್ಮ್ ಈ ಕಾರ್ಟ್ರಿಜ್‌ಗೆ ಆಗದು ಎಂದು ತೀರ್ಪು ಕೊಟ್ಟುಬಿಡುವವರು ಬಹಳ. ತಪ್ಪಿರುವುದು ಇಲ್ಲಿ. ಜಪಾನಿನ ತಯಾರಕರು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆಯುವುದು ರೂಢಿ; ಯುರೋಪಿನವರು ಕೊಡುವುದು ಸಾಮಾನ್ಯವಾಗಿ 10 ಹರ್ಟ್ಸ್‌ನ ಅಳತೆ, ನಮ್ಮ ಸೂತ್ರಕ್ಕೆ ಬೇಕಾದದ್ದೂ ಅದೇ. ರಬ್ಬರ್ ನಿಧಾನದ ಚಲನೆಗೆ ಹೆಚ್ಚು ಬಾಗುತ್ತದೆ, ವೇಗದ ಚಲನೆಗೆ ಬಿಗಿಯಾಗುತ್ತದೆ. ಹಾಗಾಗಿ ಜಪಾನಿ ಅಂಕಿಯನ್ನು ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿಸಿಕೊಳ್ಳಬೇಕು. 5 ಎಂಬುದು 9ರ ಹತ್ತಿರ ಬರುತ್ತದೆ. ಈಗ ಉತ್ತರ 11.7 ಹರ್ಟ್ಸ್. ಮೇಲಿನ ಅಂಚಿಗೆ ತಾಗಿದೆ, ಆದರೆ ಅಂಕೆಯೊಳಗಿದೆ. ಕಿವಿಯೂ ಅದನ್ನೇ ಹೇಳುತ್ತದೆ: ರೀಗಾ ಮೇಲೆ ಈ ಕಾರ್ಟ್ರಿಜ್‌ನ ಬೇಸ್ ದಪ್ಪವಾಗಿ, ಕೊಂಚ ಮುಂದೆ ನಿಂತು ಕೇಳಿಸುತ್ತದೆ, ಹದ ತಪ್ಪುವುದಿಲ್ಲ.

ಅದೇ ಕಾರ್ಟ್ರಿಜ್ ಪ್ರೊ-ಜೆಕ್ಟ್ ಡೆಬ್ಯು ಕಾರ್ಬನ್ ಮೇಲೆ ಕೂತರೆ ಕಥೆ ಬೇರೆ. ಅದರ ಕಾರ್ಬನ್ ಫೈಬರ್ ಆರ್ಮ್‌ನ ಎಫೆಕ್ಟಿವ್ ಮಾಸ್ 6 ಗ್ರಾಂ ಮಾತ್ರ. ಹಗುರ ಎಂಬುದನ್ನು ಗುಣವೆಂದೇ ಜಾಹೀರು ಮಾಡುತ್ತಾರೆ, ಮೃದುವಾದ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳ ಮಟ್ಟಿಗೆ ಅದು ಗುಣವೂ ಹೌದು. ಡಿಎಲ್-103 ಮಟ್ಟಿಗೆ ಅದು ಕೊರತೆ. ಲೆಕ್ಕ 13.5 ಹರ್ಟ್ಸ್‌ಗೆ ಏರುತ್ತದೆ. ಬಿಗಿ ರಬ್ಬರ್ ತಾನು ಬಾಗದೆ ಮುಳ್ಳಿನ ಕಂಪನವನ್ನು ಆರ್ಮ್‌ನೊಳಕ್ಕೆ ತಳ್ಳುತ್ತದೆ. ಹಗುರ ತೋಳು ಅದನ್ನು ತಡೆದು ನಿಲ್ಲಲಾರದು. ಡಬಲ್ ಬೇಸ್ ಒಂದೇ ಸ್ವರದಲ್ಲಿ ಗುಂಯ್ಗುಡುತ್ತದೆ, ಹಾಡುವವರ ದನಿಗೆ ಒರಟು ಅಂಚು ಬರುತ್ತದೆ. ಇದನ್ನು ಕೇಳಿ ಕಾರ್ಟ್ರಿಜ್ ಅನ್ನು ದೂಷಿಸುವುದು ಅನ್ಯಾಯ. ಆರ್ಮ್ ಅನ್ನು ದೂಷಿಸುವುದೂ ಅಷ್ಟೇ ಅನ್ಯಾಯ.

ತೂಕ ಸೇರಿಸುವುದು ಬಲ್ಲವರ ಉಪಾಯ. ಕಾರ್ಟ್ರಿಜ್ ಮತ್ತು ಹೆಡ್‌ಶೆಲ್ ನಡುವೆ 5 ಗ್ರಾಂನ ಹಿತ್ತಾಳೆ ತಗಡು ಕೂರಿಸಿದರೆ ರೀಗಾ ಮೇಲಿನ ಅನುರಣನ 10.5 ಹರ್ಟ್ಸ್‌ಗೆ ಇಳಿಯುತ್ತದೆ, ಬೇಸ್ ಹಿಡಿತಕ್ಕೆ ಬರುತ್ತದೆ. ಈ ಚಿಕ್ಕ ಖರ್ಚಿನ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ತಗಡಿನ ದಪ್ಪದಷ್ಟು ಆರ್ಮ್‌ನ ಬಾಲ ತಗ್ಗುತ್ತದೆ ಎಂಬುದನ್ನು ಮರೆಯಬಾರದು. ರೀಗಾ ಆರ್ಮ್‌ನ ಎತ್ತರ ತಿರುಗಿಸಿ ಬದಲಿಸುವಂಥದ್ದಲ್ಲ. ಬುಡದಡಿ ಸ್ಪೇಸರ್ ಇಟ್ಟು ಏರಿಸಬೇಕು. ಹಿಂದಿನ ಪ್ರತಿಭಾರವೂ ಹೆಚ್ಚಿದ ತೂಕವನ್ನು ತೂಗುವಷ್ಟು ಇರಬೇಕು. ಇನ್ನು ಡಿಎಲ್-103ರ ಪ್ಲಾಸ್ಟಿಕ್ ಮೈ ಕಳಚಿ ಮರದ್ದೋ ಲೋಹದ್ದೋ ಹೊದಿಸುವುದು, ಆರ್‌ಬಿ250ರ ಒಳತಂತಿ ಬದಲಿಸುವುದು, ಹಿಂದಿನ ಪ್ಲಾಸ್ಟಿಕ್ ತುಂಡಿಗೆ ಲೋಹ ಹಾಕುವುದು ಎಂಬ ಪರಂಪರೆ ದಶಕಗಳಿಂದ ಬೆಳೆದಿದೆ. ಇವುಗಳಲ್ಲಿ ಕೆಲವು ಫಲ ಕೊಡುತ್ತವೆ, ಮರದ ಮೈ ಕೊಡುವ ಫಲದಲ್ಲಿ ಒಂದು ಪಾಲು ಹೆಚ್ಚಿದ ತೂಕದ್ದು ಎಂದು ನನ್ನ ಗುಮಾನಿ. ಎಲ್ಲ ಮಾರ್ಪಾಡುಗಳ ಖರ್ಚು ಕೂಡಿದರೆ ಮೇಲಿನ ದರ್ಜೆಯ ಆರ್ಮ್ ಬರುತ್ತಿತ್ತು ಎಂಬ ಹಂತ ಬೇಗ ಎದುರಾಗುತ್ತದೆ. ಅಲ್ಲಿ ನಿಲ್ಲಿಸುವುದು ಲೇಸು.

ಉಕ್ಕಿನ ಪ್ಲೇಟರ್ ಇರುವ ಟರ್ನ್‌ಟೇಬಲ್ ಬಗ್ಗೆಯೂ ಎಚ್ಚರ ಬೇಕು. ಮೂವಿಂಗ್ ಕಾಯಿಲ್‌ನ ಅಯಸ್ಕಾಂತ ಬಲವಾದದ್ದು, ಅದು ಕಬ್ಬಿಣವನ್ನು ಸೆಳೆದು ಮುಳ್ಳಿನ ಒತ್ತಡವನ್ನು ಏರಿಸುತ್ತದೆ. ಹಳೆಯ ಥೋರೆನ್ಸ್ ಟಿಡಿ 124ರ ಕಬ್ಬಿಣದ ಪ್ಲೇಟರ್ ಈ ತೊಂದರೆಗೆ ಹೆಸರುವಾಸಿ. ರೀಗಾದ ಗಾಜಿನ ಪ್ಲೇಟರ್ ಮೇಲೆ ಈ ಸಮಸ್ಯೆಯೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹಣ ವ್ಯರ್ಥವಾಗುವುದು ಆರ್ಮ್‌ನಿಂದ ಆಚೆ. ಮನೆಯ ಆಂಪ್ಲಿಫೈಯರ್‌ನಲ್ಲಿ ಫೋನೊ ಎಂದು ಬರೆದ ಕಿಂಡಿ ಬಹುತೇಕ ಮೂವಿಂಗ್ ಮ್ಯಾಗ್ನೆಟ್‌ಗೆ ಮಾಡಿದ್ದು. ಅದರ ಗೇನ್ 40 ಡೆಸಿಬೆಲ್ ಆಸುಪಾಸು, ಅಂದರೆ ನೂರು ಪಟ್ಟು. 0.3 ಮಿಲಿವೋಲ್ಟ್ ಅಲ್ಲಿ 30 ಮಿಲಿವೋಲ್ಟ್ ಆಗುತ್ತದೆ, ಸದ್ದು ಸಾಲದೆ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಬುಸುಗುಟ್ಟುವಿಕೆ ಮತ್ತು ಹಮ್ ಸಂಗೀತದೊಡನೆ ಸಮಕ್ಕೆ ನಿಲ್ಲುತ್ತವೆ. ಬೇಕಾದದ್ದು 60 ಡೆಸಿಬೆಲ್, ಸಾವಿರ ಪಟ್ಟು, ಜೊತೆಗೆ 100 ಓಮ್ ಅಥವಾ ಅದಕ್ಕಿಂತ ಮೇಲಿನ ಲೋಡ್. ಸಾವಿರ ಪಟ್ಟು ಹಿಗ್ಗಿಸುವ ಸರ್ಕ್ಯೂಟಿನಲ್ಲಿ ಮೊದಲ ಹಂತದ ಬಿಡಿಭಾಗಗಳ ಗದ್ದಲವೂ ಸಾವಿರ ಪಟ್ಟು ಹಿಗ್ಗುವುದರಿಂದ ಇಲ್ಲಿ ಅಗ್ಗದ ಮಾಲು ತಕ್ಷಣ ಸಿಕ್ಕಿಬೀಳುತ್ತದೆ. ಒಳ್ಳೆಯ ಮ್ಯಾಗ್ನೆಟ್ ಸ್ಟೇಜ್ ಈಗಾಗಲೇ ಇದ್ದರೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಮೇಲು. ಒಂದಕ್ಕೆ ಹತ್ತು ಸುತ್ತಿನದು 0.3ನ್ನು 3 ಮಿಲಿವೋಲ್ಟ್‌ಗೆ ಏರಿಸುತ್ತದೆ. 47,000 ಓಮ್‌ನ ಕಿಂಡಿ ಕಾರ್ಟ್ರಿಜ್‌ಗೆ 470 ಓಮ್ ಆಗಿ ಕಾಣುತ್ತದೆ, 40 ಓಮ್‌ನ ಡಿಎಲ್-103ಕ್ಕೆ ಅದು ಆರಾಮ. ಒಂದಕ್ಕೆ ಇಪ್ಪತ್ತಾದರೆ ಲೋಡ್ 118ರ ಹತ್ತಿರ ಇಳಿದು ದನಿ ಕೊಂಚ ಮಂಕಾಗುತ್ತದೆ. ಟ್ರಾನ್ಸ್‌ಫಾರ್ಮರನ್ನು ಆಂಪ್ಲಿಫೈಯರ್‌ನ ಪಕ್ಕಕ್ಕೆ ಇಡಬಾರದು, ಅಲ್ಲಿನ ಹಮ್ ನೇರವಾಗಿ ಒಳನುಗ್ಗುತ್ತದೆ. ಹೊಸ ಕಾರ್ಟ್ರಿಜ್‌ಗೆ ಎತ್ತಿಟ್ಟ ಹಣದಷ್ಟೇ ಹಣ ಈ ಹಂತಕ್ಕೂ ಇಲ್ಲದವರು ಮೂವಿಂಗ್ ಕಾಯಿಲ್ ಕೊಳ್ಳಬಾರದು. ಇದರಲ್ಲಿ ನಾನು ರಾಜಿಯಾಗಲಾರೆ.

ಈಗ ಹಾಡಿನ ಮಾತು. ನಮ್ಮ ಕಪಾಟುಗಳಲ್ಲಿ ಉಳಿದಿರುವ ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರ ಎಲ್‌ಪಿಗಳಿಗೆ ಈ ಕಾರ್ಟ್ರಿಜ್ ಹೇಗೆ? ದನಿಗೆ ಇದರಷ್ಟು ಮೈದುಂಬಿದ ಕಾರ್ಟ್ರಿಜ್ ಈ ಬೆಲೆಯಲ್ಲಿ ನನಗೆ ಸಿಕ್ಕಿಲ್ಲ. ವಿಲಂಬಿತ್ ಖಯಾಲಿನಲ್ಲಿ ಷಡ್ಜ ನಿಂತಾಗ ಎದೆಯ ಗಾಳಿ, ಗಂಟಲಿನ ಕಂಪನ ಎರಡೂ ಕೇಳುತ್ತವೆ, ತಂಬೂರಿಯ ಜೀವಾರಿ ಹಿಂದೆ ಸರಿಯದೆ ಸುತ್ತ ಹರಡಿ ನಿಲ್ಲುತ್ತದೆ. ಆದರೆ ಶಂಕುವಿನ ಮುಳ್ಳಿಗೆ ಒಂದು ಮಿತಿ ಇದೆ, ಅದು ನಮ್ಮ ಸಂಗೀತಕ್ಕೆ ಬೇರೆಯವರ ಸಂಗೀತಕ್ಕಿಂತ ಹೆಚ್ಚು ತಟ್ಟುತ್ತದೆ. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ವೇಗದಲ್ಲಿ ಹಾಯುತ್ತದೆ. ಒಳಗೆ ಲೇಬಲ್ ಹತ್ತಿರ ಬರುವ ಹೊತ್ತಿಗೆ 21ಕ್ಕೆ ಇಳಿಯುತ್ತದೆ. ಅಷ್ಟೇ ಮಾಹಿತಿ ಕಡಿಮೆ ಉದ್ದದಲ್ಲಿ ಒತ್ತಿಕೊಂಡಿರುತ್ತದೆ, ದುಂಡು ತುದಿ ಆ ಸಣ್ಣ ಬಾಗುಗಳೊಳಗೆ ಇಳಿಯಲಾರದು. ಖಯಾಲಿನ ಕ್ರಮವಾದರೋ ಆಲಾಪದಿಂದ ದ್ರುತ್‌ಗೆ. ಒಂದು ರಾಗ ಇಡೀ ಬದಿ ತುಂಬಿರುವ ರೆಕಾರ್ಡಿನಲ್ಲಿ ಅತಿ ವೇಗದ ತಾನ್‌ಗಳು, ತಬಲಾದ ಚುರುಕು ಪೆಟ್ಟುಗಳು ಸರಿಯಾಗಿ ಈ ಇಕ್ಕಟ್ಟಿನ ಗೆರೆಗಳಲ್ಲೇ ಬಂದು ಕೂರುತ್ತವೆ. ಡಿಎಲ್-103 ಅಲ್ಲಿ ತಾನ್‌ನ ಸ್ವರಗಳನ್ನು ಕೊಂಚ ಮೆತ್ತಿಬಿಡುತ್ತದೆ. ಕಾರ್ಟ್ರಿಜ್‌ನ ಕೋನವನ್ನು ಅಳತೆಪಟ್ಟಿಯಿಂದ ನಿಖರವಾಗಿ ಕೂರಿಸಿದರೆ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಡೆಬ್ಯು ಕಾರ್ಬನ್‌ನಂಥ ಹಗುರ ಆರ್ಮ್ ಇರುವವರಿಗೆ, ದ್ರುತ್ ಕೇಳುವ ಆಸೆಯವರಿಗೆ ನಾನು ತೋರಿಸುವುದು ಅದೇ ಕಂಪನಿಯ ಡಿಎಲ್-110. ತೂಕ 4.8 ಗ್ರಾಂ, 100 ಹರ್ಟ್ಸ್ ಅಳತೆಯ ಕಂಪ್ಲಯನ್ಸ್ 8, ಮುಳ್ಳು ಅಂಡಾಕಾರದ್ದು. ಸುರುಳಿಗೆ ಸುತ್ತು ಹೆಚ್ಚಿರುವುದರಿಂದ 1.6 ಮಿಲಿವೋಲ್ಟ್ ಕೊಡುತ್ತದೆ, ಮ್ಯಾಗ್ನೆಟ್ ಕಿಂಡಿಯಲ್ಲೇ ಕೆಲಸ ಸಾಗುತ್ತದೆ. ಹಗುರ ಆರ್ಮ್ ಮೇಲೆ ಅನುರಣನ 12.2, ರೀಗಾ ಮೇಲೆ 10.2. ಅಣ್ಣನ ಮೈದುಂಬಿದ ದನಿ ಇದಕ್ಕಿಲ್ಲ, ಒಳಗೆರೆಗಳಲ್ಲಿ ಅವನಿಗಿಂತ ಸ್ಪಷ್ಟ. ಎರಡರಲ್ಲೂ ಮುಳ್ಳು ಸವೆದರೆ ಮನೆಯಲ್ಲಿ ಕಳಚಿ ಹೊಸದು ಹಾಕುವಂತಿಲ್ಲ. ಇಡೀ ಕಾರ್ಟ್ರಿಜ್ ಬದಲಾಗಬೇಕು, ಇಲ್ಲವೇ ರೀಟಿಪ್ ಮಾಡುವವರ ಕೈಗೆ ಹೋಗಬೇಕು. ಕೊಳ್ಳುವ ದಿನವೇ ಆ ಎರಡನೇ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.